ಇಳಿದ ಮೇಲೆ ಗಿರಕಿ ಹೊಡೆಯುವ ವಿಮಾನ: ಟೈಲ್‌ವ್ಹೀಲ್‌ನಲ್ಲಿ ಗ್ರೌಂಡ್ ಲೂಪ್ ಯಾಕಾಗುತ್ತೆ?

ಗಾಳಿಪಟ_ಡಲ್ಲಾಸ್

ಎಲ್ಲರಿಗೂ ನಮಸ್ಕಾರ. ನಾನಿರುವುದು ಡಲ್ಲಾಸ್ ಹತ್ತಿರ. ಸೆಸ್ನಾ 172ರಲ್ಲಿ ಕಲಿತು ಪ್ರೈವೇಟ್ ಪೈಲಟ್ ಲೈಸೆನ್ಸ್ ತಗೊಂಡಿದ್ದೇನೆ. ಈಗ ಟೈಲ್‌ವ್ಹೀಲ್, ಅಂದರೆ ಮೂತಿಯ ಬದಲು ಬಾಲದಲ್ಲಿ ಮೂರನೇ ಚಕ್ರ ಇರುವ ವಿಮಾನ, ಕಲಿಯುವ ಆಸೆ. ಹೋದ ವಾರ ನಮ್ಮ ಏರ್‌ಫೀಲ್ಡ್‌ನಲ್ಲಿ ಅಂಥದ್ದೇ ಒಂದು ಚಿಕ್ಕ ವಿಮಾನ, ಸಿಟಾಬ್ರಿಯಾ, ಇಳಿಯುವುದನ್ನು ನೋಡುತ್ತಾ ನಿಂತಿದ್ದೆ. ಚೆನ್ನಾಗೇ ಇಳಿಯಿತು. ಪುಟಿಯಲಿಲ್ಲ, ಏನೂ ಇಲ್ಲ. ಇನ್ನೇನು ನಿಧಾನವಾಯಿತು ಅನ್ನುವಾಗ ಮೂತಿ ಎಡಕ್ಕೆ ಸರಿಯಿತು. ನೋಡನೋಡುತ್ತಿದ್ದಂತೆ ಪೂರ್ತಿ ತಿರುಗಿ, ಬಲ ರೆಕ್ಕೆಯ ತುದಿ ನೆಲ ಕೆರೆದು, ಬಂದ ಕಡೆಗೇ ಮುಖ ಮಾಡಿ ನಿಂತುಬಿಟ್ಟಿತು. ಒಳಗಿದ್ದವರಿಗೆ ಗಾಯ ಆಗಲಿಲ್ಲ.

ಹ್ಯಾಂಗರ್ ಹತ್ತಿರ ಇದ್ದವರು ಯಾರೂ ಆಶ್ಚರ್ಯಪಡಲಿಲ್ಲ. "ಟೈಲ್‌ವ್ಹೀಲ್ ಪೈಲಟ್‌ಗಳಲ್ಲಿ ಎರಡೇ ಥರ, ಗ್ರೌಂಡ್ ಲೂಪ್ ಆಗಿರುವವರು ಮತ್ತು ಮುಂದೆ ಆಗಲಿರುವವರು" ಅಂತ ನಕ್ಕರು. ನನಗೆ ಇದು ಸರಿ ಅನ್ನಿಸಲಿಲ್ಲ. ಹಾರುವುದೂ ಮುಗಿದಿದೆ, ಇಳಿಯುವುದೂ ಮುಗಿದಿದೆ. ವೇಗ ಸ್ಕೂಟರಿನಷ್ಟು. ಆಮೇಲೆ ಕೈ ತಪ್ಪುವುದು ಹೇಗೆ? ನಿಜಕ್ಕೂ ಹಣೆಬರಹವಾ ಇದು?

ಬಲರೇಖೆ

ಹಣೆಬರಹ ಅಲ್ಲ, ತೂಕ ಎಲ್ಲಿದೆ ಅನ್ನುವ ಪ್ರಶ್ನೆ. ನಾನು ಪೈಲಟ್ ಅಲ್ಲ, ಕಾಲೇಜಿನಲ್ಲಿ ಮೆಕ್ಯಾನಿಕ್ಸ್ ಪಾಠ ಮಾಡುತ್ತೇನೆ.

172ರಲ್ಲಿ ಮುಖ್ಯ ಚಕ್ರಗಳು ತೂಕದ ಕೇಂದ್ರಕ್ಕಿಂತ ಹಿಂದೆ ಇವೆ. ಟೈಲ್‌ವ್ಹೀಲ್‌ನಲ್ಲಿ ಮುಂದೆ ಇವೆ. ವ್ಯತ್ಯಾಸ ಇಷ್ಟೇ. ಊರ ಕಡೆ ಟ್ರ್ಯಾಕ್ಟರಿಗೆ ಟ್ರೈಲರ್ ಕಟ್ಟಿ ಓಡಿಸಿದವರಿಗೆ ಇದು ಗೊತ್ತಿರುತ್ತದೆ. ಮುಂದಕ್ಕೆ ಎಳೆದರೆ ಟ್ರೈಲರ್ ತಾನಾಗಿ ಸಾಲಿಗೆ ಬರುತ್ತೆ. ರಿವರ್ಸ್ ಹಾಕಿದರೆ ಚೂರು ವಾರೆಯಾದರೂ ಸಾಕು, ವಾರೆ ಬೆಳೆಯುತ್ತಲೇ ಹೋಗುತ್ತದೆ.

ಈಗ ನೀವು ನೋಡಿದ್ದನ್ನು ಬಿಡಿಸೋಣ. ವಿಮಾನ ರನ್‌ವೇ ಉದ್ದಕ್ಕೆ ಓಡುತ್ತಿದೆ, ಮೂತಿ ಮಾತ್ರ ಸ್ವಲ್ಪ ಎಡಕ್ಕಿದೆ. ಟೈರುಗಳೂ ಎಡಕ್ಕೆ ನೋಡುತ್ತಿವೆ, ಆದರೆ ನೇರಕ್ಕೆ ಎಳೆದುಕೊಂಡು ಹೋಗುತ್ತಿವೆ. ಆಗ ನೆಲ ಟೈರನ್ನು ಎಡಕ್ಕೆ ತಳ್ಳುತ್ತದೆ. ಈ ತಳ್ಳು ತೂಕದ ಕೇಂದ್ರಕ್ಕಿಂತ ಮುಂದೆ ಬೀಳುತ್ತದೆ. ಹಾಗಾಗಿ ಮೂತಿ ಇನ್ನೂ ಎಡಕ್ಕೆ ಹೋಗುತ್ತದೆ. ಮೂತಿ ಹೋದಷ್ಟೂ ತಳ್ಳು ಜಾಸ್ತಿ, ತಳ್ಳು ಜಾಸ್ತಿಯಾದಷ್ಟೂ ಮೂತಿ ಹೋಗುತ್ತದೆ. ಜೊತೆಗೆ ಈ ಬಲ ನೆಲದ ಮಟ್ಟದಲ್ಲಿದೆ, ತೂಕ ಮೇಲಿದೆ. ಅದಕ್ಕೇ ವಿಮಾನ ಹೊರಕ್ಕೆ ವಾಲುತ್ತದೆ. ಎಡಕ್ಕೆ ತಿರುಗಿದರೆ ಬಲ ರೆಕ್ಕೆ ನೆಲ ಮುಟ್ಟುತ್ತದೆ. ವೇಗ ಜಾಸ್ತಿ ಇದ್ದರೆ ಬಲಗಾಲೇ ಒಳಕ್ಕೆ ಮಡಚಿಕೊಳ್ಳಬಹುದು.

ಇದೇ ತಪ್ಪು 172ರಲ್ಲಿ ಆದರೆ ನೆಲ ತಳ್ಳುವುದು ತೂಕದ ಕೇಂದ್ರದ ಹಿಂದೆ. ಮೂತಿ ತಾನೇ ನೇರವಾಗುತ್ತದೆ. ವಾರೆಯಾಗಿ ಇಳಿದರೂ ಟೈರು ಕಿರ್ ಅಂದು ಸುಮ್ಮನಾಗುತ್ತದೆ.

ಕಿಟಕಿ_ಸೀಟು

ಅದಕ್ಕೇ ನಾನು ಕೆಎಸ್‌ಆರ್‌ಟಿಸಿ ಬಿಟ್ಟು ಬೇರೆ ಹತ್ತಲ್ಲ.

ಹಳೇ_ಪುಷ್ಪಕ್

ಬಲರೇಖೆ ಅವರು ಹೇಳಿದ್ದು ಸರಿ. ಆದರೆ ಅದು ಕಥೆಯ ಕೊನೆಯ ಅರ್ಧ. ನಾನು ಹಲವು ವರ್ಷ ಹಾರಾಟ ಕಲಿಸಿದವನು. ಎಚ್‌ಎಎಲ್ ಪುಷ್ಪಕ್‌ನಿಂದ ಶುರು ಮಾಡಿ ಆಮೇಲೆ ಬೇರೆ ಬೇರೆ ವಿಮಾನ.

ನೀವು ನೋಡಿದ್ದು ಓಟದ ಕೊನೆಯಲ್ಲಿ. ಆದರೆ ಅಂಥ ಹೆಚ್ಚಿನ ಗ್ರೌಂಡ್ ಲೂಪ್‌ಗಳ ಬೀಜ ಚಕ್ರ ನೆಲ ಮುಟ್ಟುವ ಮುಂಚೆಯೇ ಬಿದ್ದಿರುತ್ತದೆ. ಲೆಕ್ಕ ಹಾಕಿ. ನೀವು 50 ನಾಟ್‌ನಲ್ಲಿ, ಅಂದರೆ ಗಂಟೆಗೆ ಸುಮಾರು 93 ಕಿ.ಮೀ. ವೇಗದಲ್ಲಿ, ಬರುತ್ತಿದ್ದೀರಿ. ಎಡದಿಂದ ನೇರ ಅಡ್ಡಕ್ಕೆ 10 ನಾಟ್ ಗಾಳಿ. ರನ್‌ವೇ ಸಾಲಿನಲ್ಲೇ ಬರಬೇಕಾದರೆ ಮೂತಿಯನ್ನು 11-12 ಡಿಗ್ರಿ ಗಾಳಿಯ ಕಡೆ ಇಟ್ಟುಕೊಂಡು ಬರಬೇಕು. ಹಾಗೇ ಇಳಿದರೆ ಟೈರು 11-12 ಡಿಗ್ರಿ ವಾರೆ. ಬಲರೇಖೆ ಹೇಳಿದ ಆಟ ಮೊದಲ ಸೆಕೆಂಡಿಗೇ ಶುರು. ಹೆದರಿ ಕೊನೆ ಗಳಿಗೆಯಲ್ಲಿ ಮೂತಿ ನೇರ ಮಾಡಿ, ರೆಕ್ಕೆ ಬಗ್ಗಿಸುವುದನ್ನು ಮರೆತರೆ? ಮೂತಿ ನೇರ ಇರುತ್ತೆ, ಆದರೆ ವಿಮಾನ ಬಲಕ್ಕೆ ತೇಲುತ್ತಿರುತ್ತೆ. ಪೂರ್ತಿ ಬಿಟ್ಟರೆ ಗಾಳಿಯಷ್ಟೇ ವೇಗ, ಸೆಕೆಂಡಿಗೆ 5 ಮೀಟರ್ ಹತ್ತಿರ. ಎರಡೂ ಕೆಟ್ಟದ್ದೇ.

ಬೇಕಾಗಿರುವುದು ಎರಡೂ ಸೊನ್ನೆ. ಗಾಳಿ ಬರುವ ಕಡೆಯ ರೆಕ್ಕೆ ಸ್ವಲ್ಪ ಕೆಳಗೆ, ತೇಲುವುದು ನಿಲ್ಲಲಿಕ್ಕೆ. ಎದುರು ಕಡೆಯ ರಡ್ಡರ್ (ಬಾಲದಲ್ಲಿ ಕಾಲಿನ ಪೆಡಲ್‌ನಿಂದ ತಿರುಗುವ ಹಲಗೆ), ಮೂತಿ ಸಾಲಿನಲ್ಲಿರಲಿಕ್ಕೆ. ಮೊದಲು ಒಂದು ಚಕ್ರ, ಆಮೇಲೆ ಇನ್ನೊಂದು. ಇದು ಆಗುತ್ತಿಲ್ಲ ಅಂದರೆ ನೆಲಕ್ಕೆ ನಾಲ್ಕು ಅಡಿ ಇರುವಾಗಲೂ ಥ್ರಾಟಲ್ ತುಂಬಿ ಮೇಲೇಳಬಹುದು. ಇಳಿಯಲೇಬೇಕು ಅಂತ ಯಾರೂ ಬರೆದುಕೊಟ್ಟಿಲ್ಲ. ರಡ್ಡರ್ ಪೂರ್ತಿ ಒತ್ತಿದರೂ ಮೂತಿ ನೇರವಾಗುತ್ತಿಲ್ಲ ಅಂದರೆ ಆ ಗಾಳಿ ಆ ವಿಮಾನಕ್ಕೆ ಜಾಸ್ತಿ. ಗಾಳಿಗೆ ಎದುರಾಗಿರುವ ಬೇರೆ ರನ್‌ವೇ ಹುಡುಕಿಕೊಂಡು ಹೋಗಬೇಕು.

ಇನ್ನು ಆ "ಆಗಿರುವವರು, ಆಗಲಿರುವವರು" ಮಾತು. ನನಗೆ ಅದನ್ನು ಕೇಳಿದರೆ ಸಿಟ್ಟು ಬರುತ್ತೆ. ಆಗುವುದು ಆಗೇ ಆಗುತ್ತೆ ಅಂದುಕೊಂಡವನು ಮೇಲೇಳುವ ಬದಲು ಇಳಿದು ನೋಡೋಣ ಅನ್ನುತ್ತಾನೆ. ಕಲಿಯುವ ಹುಡುಗರ ಮುಂದೆ ಹೇಳುವ ಮಾತೇ ಅಲ್ಲ ಅದು.

ಬುಷ್_180

ಸರ್, ನಿಮ್ಮ ಮಾತು ಒಪ್ಪುತ್ತೇನೆ, ಆದರೆ ಅರ್ಧ. ನಾನು ಓಡಿಸುವುದು ಸೆಸ್ನಾ 180, ಅದೂ ಟೈಲ್‌ವ್ಹೀಲ್. ಸೂಜಿಯಷ್ಟು ನೇರ ಇಳಿದಿರುತ್ತೇವೆ. ಆಮೇಲೆ ಗಾಳಿಯ ಒಂದು ಹೊಡೆತ, ಕಾಲು ಒಂದು ಕ್ಷಣ ಸುಮ್ಮನಿದ್ದರೂ ಸಾಕು, ಮೂತಿ ಹೊರಟಿತು. ಬೀಜ ಗಾಳಿಯಲ್ಲೇ ಬೀಳುತ್ತೆ ಅಂದರೆ ನೆಲದ ಮೇಲೆ ಮೈಮರೆಯುವವರು ಜಾಸ್ತಿಯಾಗುತ್ತಾರೆ.

ವೇಗ ಇಳಿದಷ್ಟೂ ರಡ್ಡರ್ ಸತ್ತು ಹೋಗುತ್ತೆ. 50 ನಾಟ್‌ನಿಂದ 25ಕ್ಕೆ ಬಂದರೆ ರಡ್ಡರಿನ ಬಲ ಕಾಲು ಭಾಗ ಅಷ್ಟೇ. ಗಾಳಿ ಮಾತ್ರ ಕಮ್ಮಿಯಾಗಿರಲ್ಲ. ಬಾಲದ ಚಕ್ರ ಇನ್ನೂ ಗಟ್ಟಿ ಹಿಡಿದಿರಲ್ಲ. ನಡುವಿನ ಆ ಜಾಗವೇ ಅಪಾಯದ್ದು. ಸಿಟಾಬ್ರಿಯಾ ತಿರುಗಿದ್ದು ಅಲ್ಲೇ ಅನ್ನಿಸುತ್ತೆ.

ಅದಕ್ಕೇ ನಾನು ಅಡ್ಡಗಾಳಿ ಇದ್ದರೆ ವ್ಹೀಲ್ ಲ್ಯಾಂಡಿಂಗ್ ಮಾಡುತ್ತೇನೆ. ಬಾಲ ಮೇಲಿಟ್ಟು ಮುಂದಿನ ಎರಡು ಚಕ್ರದ ಮೇಲೆ ಇಳಿಯುವುದು. ಮುಂದೆ ಕಾಣುತ್ತೆ, ರಡ್ಡರಿಗೆ ಗಾಳಿ ಚೆನ್ನಾಗಿ ಸಿಗುತ್ತೆ, ಸ್ಟಿಕ್ (ಕೈಯಲ್ಲಿ ಹಿಡಿಯುವ ಕಂಟ್ರೋಲ್) ಸ್ವಲ್ಪ ಮುಂದೆ ತಳ್ಳಿದರೆ ವಿಮಾನ ನೆಲಕ್ಕೆ ಅಂಟಿಕೊಳ್ಳುತ್ತೆ.

ಗಾಳಿಪಟ_ಡಲ್ಲಾಸ್

ಇದೇ ನನ್ನ ಮುಂದಿನ ಪ್ರಶ್ನೆ ಆಗಿತ್ತು. ಮೂರೂ ಚಕ್ರ ಒಟ್ಟಿಗೆ ಇಳಿಸುವ ತ್ರೀ ಪಾಯಿಂಟ್ ಒಳ್ಳೆಯದಾ, ವ್ಹೀಲ್ ಲ್ಯಾಂಡಿಂಗಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಹಳೇ_ಪುಷ್ಪಕ್

ಈ ಜಗಳಕ್ಕೆ ವಿಮಾನದಷ್ಟೇ ವಯಸ್ಸು. ನನ್ನ ಮತ ತ್ರೀ ಪಾಯಿಂಟ್‌ಗೆ, ಕಾರಣ ಲೆಕ್ಕ. 45 ನಾಟ್‌ನಲ್ಲಿ ಇಳಿಯುವ ಬದಲು 55ರಲ್ಲಿ ಇಳಿದರೆ ಶಕ್ತಿ ಒಂದೂವರೆ ಪಟ್ಟು. ಕೆಟ್ಟರೆ ಅಷ್ಟೂ ಶಕ್ತಿ ರೆಕ್ಕೆಗೋ ಕಾಲಿಗೋ ಹೋಗಬೇಕು. ಇನ್ನೊಂದು ವಿಷಯ, ವ್ಹೀಲ್ ಲ್ಯಾಂಡಿಂಗ್ ಮಾಡಿದರೂ ಬಾಲವನ್ನು ಎಂದಾದರೂ ಕೆಳಗಿಳಿಸಲೇಬೇಕು. ಬುಷ್ ಅವರು ಹೇಳಿದ ನಡುವಿನ ಜಾಗ ಆಗಲೂ ಬರುತ್ತೆ, ಸ್ವಲ್ಪ ತಡವಾಗಿ. ತ್ರೀ ಪಾಯಿಂಟ್‌ನಲ್ಲಿ ಬಾಲದ ಚಕ್ರ ಮೊದಲಿನಿಂದಲೇ ನೆಲದಲ್ಲಿರುತ್ತೆ. ಸ್ಟಿಕ್ ಹೊಟ್ಟೆಗೆ ತಾಗುವಷ್ಟು ಹಿಂದಕ್ಕೆ ಎಳೆದು ಅದನ್ನು ಒತ್ತಿ ಹಿಡಿಯಬಹುದು.

ಸ್ಟಿಕ್ ಹಿಂದೆ ಎಳೆದೇ ಇರಬೇಕು. ಎಷ್ಟೋ ಜನ ಇಳಿದೆವಲ್ಲ ಅಂತ ಕೈ ಸಡಿಲ ಮಾಡುತ್ತಾರೆ. ಬಾಲ ಹಗುರವಾಗುತ್ತೆ, ಚಕ್ರ ಹಿಡಿತ ಬಿಡುತ್ತೆ.

ಹಾಗಂತ 180 ಓಡಿಸುವವರ ಹತ್ತಿರ ಹೋಗಿ ವಾದ ಮಾಡಬೇಡಿ. ಹೊಡೆತದ ಗಾಳಿಯಲ್ಲಿ ಅವರದ್ದೂ ಸರಿ. ನಿಮ್ಮ ಇನ್‌ಸ್ಟ್ರಕ್ಟರ್ ಎರಡನ್ನೂ ಕಲಿಸಲೇಬೇಕು. ಅಮೆರಿಕದ ನಿಯಮವೇ ಹಾಗಿದೆ. ಅಲ್ಲಿನ ವಿಮಾನಯಾನ ಇಲಾಖೆ ಎಫ್‌ಎಎಯ ನಿಯಮ 61.31ರ ಪ್ರಕಾರ ಎಂಡಾರ್ಸ್‌ಮೆಂಟ್‌ಗೆ (ಟೈಲ್‌ವ್ಹೀಲ್ ಹಾರಿಸಬಹುದು ಅಂತ ಇನ್‌ಸ್ಟ್ರಕ್ಟರ್ ಬರೆದುಕೊಡುವ ಒಪ್ಪಿಗೆಗೆ) ಮಾಮೂಲಿ ಮತ್ತು ಅಡ್ಡಗಾಳಿಯ ಟೇಕಾಫ್ ಲ್ಯಾಂಡಿಂಗ್, ವ್ಹೀಲ್ ಲ್ಯಾಂಡಿಂಗ್, ಮತ್ತೆ ಮೇಲೇಳುವುದು, ಇಷ್ಟೂ ಆಗಬೇಕು. ವಿಮಾನ ತಯಾರಕರೇ ವ್ಹೀಲ್ ಲ್ಯಾಂಡಿಂಗ್ ಬೇಡ ಅಂದಿದ್ದರೆ ಮಾತ್ರ ಅದಕ್ಕೆ ವಿನಾಯಿತಿ. 1991ರ ಏಪ್ರಿಲ್ 15ಕ್ಕಿಂತ ಮೊದಲು ಟೈಲ್‌ವ್ಹೀಲ್‌ನಲ್ಲಿ ಪೈಲಟ್ ಇನ್ ಕಮಾಂಡ್ (ವಿಮಾನದ ಹೊಣೆ ಹೊತ್ತ ಪೈಲಟ್) ಆಗಿ ಹಾರಿದವರಿಗೆ ಈ ಎಂಡಾರ್ಸ್‌ಮೆಂಟೇ ಬೇಕಿಲ್ಲ. ಮೇಲೇಳುವುದನ್ನೂ ಆ ಪಟ್ಟಿಯಲ್ಲಿ ಸೇರಿಸಿದ್ದಾರೆ ನೋಡಿ, ಅದಕ್ಕೆ ನನ್ನ ಪೂರ್ತಿ ಮಾರ್ಕ್ಸ್.

ಬುಷ್_180

ಹೊಟ್ಟೆಗೆ ತಾಗುವಷ್ಟು ಅಂದಿರಲ್ಲ, ನನ್ನ ಹೊಟ್ಟೆಗೆ ಸ್ವಲ್ಪ ಬೇಗನೇ ತಾಗುತ್ತೆ. ಉಳಿದಿದ್ದಕ್ಕೆ ನನ್ನ ತಕರಾರು ಇದ್ದೇ ಇದೆ. ಆಮೇಲೆ ನೋಡೋಣ.

ಪೆಟ್ರೋಲ್_ವಾಸನೆ

ಪೈಲಟ್‌ಗಳು ಕಾಲಿನ ಬಗ್ಗೆ, ಗಾಳಿಯ ಬಗ್ಗೆ ಮಾತಾಡುತ್ತಾರೆ. ವಿಮಾನದ ಬಗ್ಗೆ ಯಾರೂ ಕೇಳಲ್ಲ. ನಾನು ರಿಪೇರಿ ಮಾಡುವವನು, ನನ್ನದೂ ಕೇಳಿ.

ಬಹಳಷ್ಟು ಚಿಕ್ಕ ವಿಮಾನಗಳಲ್ಲಿ ಬಾಲದ ಚಕ್ರ ರಡ್ಡರಿಗೆ ಸ್ಪ್ರಿಂಗ್ ಮೂಲಕ ಜೋಡಣೆ ಆಗಿರುತ್ತದೆ. ಒಂದು ಕೋನದವರೆಗೆ ಪೆಡಲ್ ಹೇಳಿದ ಹಾಗೆ ಕೇಳುತ್ತದೆ. ಅದು ದಾಟಿದರೆ ಒಳಗಿನ ಲಾಕ್ ಬಿಟ್ಟುಕೊಂಡು ಚಕ್ರ ಸುತ್ತಲೂ ತಿರುಗಲು ಶುರುವಾಗುತ್ತದೆ. ಹ್ಯಾಂಗರ್ ಒಳಗೆ ತಳ್ಳುವಾಗ ಇದು ಬಹಳ ಅನುಕೂಲ. ರನ್‌ವೇ ಮೇಲೆ ತಿರುಗುತ್ತಿರುವಾಗ ಬಿಟ್ಟುಕೊಂಡರೆ ಅಲ್ಲಿಗೆ ಮುಗಿಯಿತು. ಲಾಕಿನ ಅಂಚು ಸವೆದಿದ್ದರೆ ಬೇಕಾದ್ದಕ್ಕಿಂತ ಮುಂಚೆಯೇ ಬಿಟ್ಟುಕೊಳ್ಳುತ್ತದೆ. ಸ್ಪ್ರಿಂಗ್ ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ ಇರುವುದನ್ನೂ ನೋಡಿದ್ದೇನೆ. ಬಾಲ ಹೊತ್ತಿರುವ ಪಟ್ಟಿ ಸ್ಪ್ರಿಂಗ್ ಬಗ್ಗಿದ್ದರೆ ಚಕ್ರದ ಕೀಲಿನ ಕೋನ ಬದಲಾಗಿ ಗಡಗಡ ನಡುಗುತ್ತದೆ. ನಡುಗುವ ಚಕ್ರ ದಿಕ್ಕು ಹಿಡಿಯಲ್ಲ.

ಮುಂದಿನ ಚಕ್ರಗಳದ್ದೂ ನೋಡಿ. ಎರಡೂ ಮುಂಭಾಗದಲ್ಲಿ ಒಳಕ್ಕೆ ನೋಡುತ್ತಿದ್ದರೆ, ವಿಮಾನ ಎಡಕ್ಕೆ ತಿರುಗಿದಾಗ ಭಾರ ಬಲ ಚಕ್ರದ ಮೇಲೆ ಬೀಳುತ್ತದೆ. ಆ ಚಕ್ರ ಎಡಕ್ಕೇ ನೋಡುತ್ತಿರುವುದರಿಂದ ಇನ್ನಷ್ಟು ಎಡಕ್ಕೆ ಎಳೆಯುತ್ತದೆ. ಕಾರಿನ ಅಲೈನ್‌ಮೆಂಟ್ ಜ್ಞಾನ ಇಲ್ಲಿಗೆ ತರಬೇಡಿ. ಒಂದು ಟೈರಿಗೆ ಗಾಳಿ ಕಮ್ಮಿ, ಒಂದು ಬ್ರೇಕ್ ಸ್ವಲ್ಪ ಕಚ್ಚಿಕೊಂಡಿರುವುದು, ಇವೂ ಸೇರುತ್ತವೆ. ಇಂಥ ಸಣ್ಣಪುಟ್ಟ ದೋಷ ಇರುವ ವಿಮಾನವನ್ನು ಅದರ ಹಳೇ ಮಾಲೀಕ ಗೊತ್ತಿಲ್ಲದೆಯೇ ಕಾಲಲ್ಲಿ ಸರಿದೂಗಿಸುತ್ತಿರುತ್ತಾನೆ. ಹೊಸಬ ಕೂತ ದಿನ ಬಣ್ಣ ಬಯಲಾಗುತ್ತದೆ.

ಇನ್ನು ಆ ಸಿಟಾಬ್ರಿಯಾ. ರೆಕ್ಕೆ ತುದಿ ಕೆರೆಯಿತು ಅಷ್ಟೇ ಅಂತ ಬಣ್ಣ ಬಳಿದು ಹಾರಿಸುವ ಹಾಗಿಲ್ಲ. ಹಳೇ ಸಿಟಾಬ್ರಿಯಾಗಳ ರೆಕ್ಕೆಯೊಳಗಿನ ಮುಖ್ಯ ತೊಲೆ ಮರದ್ದು. ತುದಿಗೆ ಬಿದ್ದ ಪೆಟ್ಟು ಒಳಗೆಲ್ಲೋ ಕೂದಲೆಳೆಯಂಥ ಬಿರುಕು ಮಾಡಿರಬಹುದು, ಮೇಲಿನ ಬಟ್ಟೆ ನೋಡಿದರೆ ಗೊತ್ತಾಗಲ್ಲ. ಈ ಮರದ ತೊಲೆಗಳನ್ನು ಕಡ್ಡಾಯವಾಗಿ ಪರೀಕ್ಷಿಸಬೇಕು ಅಂತ ಎಫ್‌ಎಎ ಆದೇಶವೇ ಇದೆ. ಪ್ರೊಪೆಲ್ಲರ್ ನೆಲಕ್ಕೆ ತಾಗಿದ್ದರೆ ಎಂಜಿನ್ ಬಿಚ್ಚಬೇಕು. ಅಲ್ಲಿಗೆ ಖರ್ಚಿನ ಲೆಕ್ಕವೇ ಬೇರೆ.

ಗಾಳಿಪಟ_ಡಲ್ಲಾಸ್

ಬ್ರೇಕ್ ಅಂದಿರಿ. ತಿರುಗಲು ಶುರುವಾದಾಗ ಎದುರು ಕಡೆ ಬ್ರೇಕ್ ಒತ್ತಿದರೆ ಆಗಲ್ವಾ?

ಬುಷ್_180

ಮೂತಿ ಚೂರು ಸರಿದಾಗ ಒಂದು ಚಿಕ್ಕ ಒತ್ತು, ಸರಿ. ಅದೂ ರಡ್ಡರ್ ಪೂರ್ತಿ ಕೊಟ್ಟ ಮೇಲೆ. ಗಾಬರಿಯಲ್ಲಿ ಎರಡೂ ಬ್ರೇಕ್ ಒತ್ತಿದರೆ ಮೂತಿ ನೆಲಕ್ಕೆ, ಬಾಲ ಆಕಾಶಕ್ಕೆ. ಬಹಳಷ್ಟು ಹಳೇ ಪೈಪರ್ ಕಬ್‌ಗಳಲ್ಲಿ ಬ್ರೇಕ್ ಇರುವುದು ಹಿಮ್ಮಡಿಯ ಹತ್ತಿರ. ಸುಮ್ನೆ ಅಭ್ಯಾಸ ಇಲ್ಲದೆ ಹುಡುಕಲು ಹೋದರೆ ಪೆಡಲ್ ಮೇಲಿನ ಕಾಲೇ ಜಾರುತ್ತೆ.

ಥ್ರಾಟಲ್ ಇನ್ನೂ ಒಳ್ಳೆಯದು. ಒಂದು ಚಿಕ್ಕ ಹೊಡೆತ ಕೊಟ್ಟರೆ ಪ್ರೊಪೆಲ್ಲರ್ ಗಾಳಿ ರಡ್ಡರ್ ಮೇಲೆ ಬೀಳುತ್ತೆ, ಸತ್ತ ರಡ್ಡರಿಗೆ ಜೀವ ಬರುತ್ತೆ. ತಡವಾದರೆ ಇದೂ ಕೆಲಸ ಮಾಡಲ್ಲ. ಆಗ ಥ್ರಾಟಲ್ ಕೊಟ್ಟರೆ ಹಳ್ಳಕ್ಕೆ ಹೋಗುವ ವೇಗ ಜಾಸ್ತಿಯಾಗುತ್ತೆ ಅಷ್ಟೇ.

ತಗಡಿನ_ಹಕ್ಕಿ

ಹಳೇ ವಿಮಾನಗಳ ಹುಚ್ಚಿನವನು ನಾನು. ಮಧ್ಯೆ ಬಾಯಿ ಹಾಕುತ್ತೇನೆ.

1920-30ರ ಕಾಲದಲ್ಲಿ ಅಡ್ಡಗಾಳಿ ಇಷ್ಟು ದೊಡ್ಡ ತಲೆನೋವಾಗಿರಲಿಲ್ಲ. ಏರೋಡ್ರೋಮ್ ಅಂದರೆ ಬಹಳ ಕಡೆ ಒಂದು ದೊಡ್ಡ ಹುಲ್ಲಿನ ಮೈದಾನ. ಗಾಳಿಚೀಲ ನೋಡಿ ಯಾವ ದಿಕ್ಕಿನಿಂದ ಗಾಳಿಯೋ ಅದಕ್ಕೆ ಎದುರಾಗಿ ಇಳಿಯುತ್ತಿದ್ದರು. 1931ರಲ್ಲಿ ಬಂದ ಟೈಗರ್ ಮಾತ್‌ಗೆ ಬ್ರೇಕೇ ಇರಲಿಲ್ಲ. ಬಾಲದಲ್ಲಿ ಚಕ್ರವೂ ಇಲ್ಲ, ನೆಲ ಗೀರುವ ಒಂದು ಊರುಗೋಲು (ಸ್ಕಿಡ್). ಅದೇ ಬ್ರೇಕು, ಅದೇ ದಿಕ್ಕು ಹಿಡಿಯುವ ಸಾಧನ. ವಾರೆಯಾಗಿ ಇಳಿದರೂ ಹುಲ್ಲು ಟೈರನ್ನು ಜಾರಲು ಬಿಡುತ್ತೆ. ಡಾಂಬರು ಕಚ್ಚಿ ಹಿಡಿಯುತ್ತೆ. ಉದ್ದನೆಯ ಒಂದೇ ಡಾಂಬರು ಪಟ್ಟಿ ಬಂದ ಮೇಲೆ ಗಾಳಿ ಎಲ್ಲಿಂದ ಬಂದರೂ ಇಲ್ಲೇ ಇಳಿ ಅಂತಾಯಿತು. 1956ರಲ್ಲಿ ಸೆಸ್ನಾ ತನ್ನ 170ಕ್ಕೆ ಮೂತಿಯ ಚಕ್ರ ಹಾಕಿ 172 ಅಂತ ಮಾರಿತು. ಆಮೇಲೆ ಏನಾಯಿತು ಅಂತ ಎಲ್ಲರಿಗೂ ಗೊತ್ತು.

ಯುದ್ಧ ವಿಮಾನಗಳಲ್ಲಿ ಜರ್ಮನಿಯ ಮೆಸ್ಸರ್‌ಶ್ಮಿಟ್ 109 ಇದಕ್ಕೆ ಕುಖ್ಯಾತ. ಕಾಲುಗಳು ಒಂದಕ್ಕೊಂದು ಹತ್ತಿರ, ಹೊರಕ್ಕೆ ವಾಲಿದ ಚಕ್ರ, ಮುಂದೆ ಏನೂ ಕಾಣದ ಉದ್ದ ಮೂತಿ. ಟೇಕಾಫ್, ಲ್ಯಾಂಡಿಂಗ್‌ನಲ್ಲಿ ಹಾಳಾದವು ಬೇಕಾದಷ್ಟು. ಟೇಕಾಫ್‌ನಲ್ಲೂ ಗ್ರೌಂಡ್ ಲೂಪ್ ಆಗುತ್ತೆ ಅನ್ನುವುದಕ್ಕೆ ಅಮೀಲಿಯಾ ಇಯರ್‌ಹಾರ್ಟ್ ಇದ್ದಾರಲ್ಲ. 1937ರ ಮಾರ್ಚ್ 20ರಂದು ಹವಾಯಿಯ ಲ್ಯೂಕ್ ಫೀಲ್ಡ್‌ನಲ್ಲಿ ಅವರ ಲಾಕ್‌ಹೀಡ್ ಎಲೆಕ್ಟ್ರಾ ಓಡುವಾಗಲೇ ತಿರುಗಿ ಕಾಲು ಮುರಿದುಕೊಂಡಿತು. ವಿಶ್ವ ಪ್ರಯಾಣದ ಮೊದಲ ಯತ್ನ ಅಲ್ಲೇ ನಿಂತಿತು. ಟೈರು ಸಿಡಿದಿದ್ದಾ, ಥ್ರಾಟಲ್ ಬಳಸಿದ ರೀತಿಯಾ ಅಂತ ಇವತ್ತಿಗೂ ವಾದ ಮಾಡುತ್ತಾರೆ.

ನಮ್ಮ ಬೆಂಗಳೂರಿನದ್ದೂ ಇದೆ. ಡಾ. ವಿ. ಎಂ. ಘಾಟ್ಗೆ ನೇತೃತ್ವದಲ್ಲಿ ಎಚ್‌ಎಎಲ್ ತಾನೇ ವಿನ್ಯಾಸ ಮಾಡಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು. ಅದೂ ಟೈಲ್‌ವ್ಹೀಲ್. 1958ರಲ್ಲಿ ಪುಷ್ಪಕ್ ಬಂತು, ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗೆಲ್ಲ ಹೋಯಿತು. ಒಂದು ಪೀಳಿಗೆಯ ಪೈಲಟ್‌ಗಳಿಗೆ ಇದು ವಿಶೇಷ ವಿದ್ಯೆ ಅಂತ ಅನ್ನಿಸಿರಲೇ ಇಲ್ಲ. ಮೊದಲ ದಿನದಿಂದ ಇದನ್ನೇ ಕಲಿತವರು.

ಕಿಟಕಿ_ಸೀಟು

ಪುಷ್ಪಕ್ ಸರ್, ಬೆಂಗಳೂರಿನ ಜಕ್ಕೂರು ಏರೋಡ್ರೋಮ್‌ನಲ್ಲಿ ಹಾರಿಸಿದ್ದೀರಾ? ನಮ್ಮ ಮನೆ ಅಲ್ಲೇ ಹತ್ತಿರ. ಅಲ್ಲಿ ಇಳಿಸುವುದು ಬೇರೆ ಥರವಾ?

ಹಳೇ_ಪುಷ್ಪಕ್

ಹಾರಿಸಿದ್ದೇನೆ. ನೋಡಿ, ಇದು ಒಳ್ಳೇ ಪ್ರಶ್ನೆ. ಜಕ್ಕೂರು ಸಮುದ್ರ ಮಟ್ಟದಿಂದ ಸುಮಾರು 3000 ಅಡಿ ಎತ್ತರ. 30 ಡಿಗ್ರಿ ಬಿಸಿಲಿನ ಮಧ್ಯಾಹ್ನ ಅಲ್ಲಿನ ಗಾಳಿ 5500 ಅಡಿ ಎತ್ತರದ ಗಾಳಿಯಷ್ಟು ತೆಳು. ವೇಗದ ಮೀಟರ್ ಅದೇ 45 ನಾಟ್ ತೋರಿಸುತ್ತೆ, ನೆಲದ ಮೇಲೆ ನೀವು ಓಡುವುದು 8-9 ಶೇಕಡ ಜಾಸ್ತಿ. ಶಕ್ತಿ 18 ಶೇಕಡ ಹತ್ತಿರ ಜಾಸ್ತಿ. ಮದ್ರಾಸಿನಲ್ಲಿ ಕಲಿತು ಬಂದವನಿಗೆ ಇಲ್ಲಿ ಎಲ್ಲಾ ಸ್ವಲ್ಪ ಬೇಗ ಬೇಗ ಆಗುತ್ತೆ ಅನ್ನಿಸುವುದು ಅದಕ್ಕೇ.

ಎತ್ತರಕ್ಕಿಂತ ದೊಡ್ಡ ಲೆಕ್ಕ ಹಿಂಗಾಳಿಯದ್ದು. 45ರಲ್ಲಿ ಇಳಿಯುವ ವಿಮಾನಕ್ಕೆ 10 ನಾಟ್ ಎದುರುಗಾಳಿ ಇದ್ದರೆ ನೆಲದ ಮೇಲೆ 35. ಅದೇ 10 ಹಿಂದಿನಿಂದ ಬಂದರೆ 55. ಶಕ್ತಿ ಎರಡೂವರೆ ಪಟ್ಟು ಹತ್ತಿರ! ಅದೂ ಸಾಲದೆಂಬಂತೆ, ವಿಮಾನ ನಿಧಾನವಾದಾಗ ಹಿಂಗಾಳಿಯಿಂದ ರಡ್ಡರ್ ಪೂರ್ತಿ ಸುಮ್ಮನಾಗಿಬಿಡುತ್ತೆ. ಟೆಕ್ಸಾಸಿನ ಬೇಸಿಗೆ ಮಧ್ಯಾಹ್ನಗಳಲ್ಲಿ ಗಾಳಿ ಇದ್ದಕ್ಕಿದ್ದಂತೆ ದಿಕ್ಕು ಬದಲಿಸುತ್ತೆ. ಗಾಳಿಪಟ ಅವರೇ, ನಿಮ್ಮ ಸಿಟಾಬ್ರಿಯಾ ಇಳಿಯುವಾಗ ಗಾಳಿಚೀಲ ಯಾವ ಕಡೆಗಿತ್ತು?

ಗಾಳಿಪಟ_ಡಲ್ಲಾಸ್

ಎಡದಿಂದ, ಸ್ವಲ್ಪ ಹಿಂದಿನಿಂದ. ಆ ಚೀಲ ಅವತ್ತು ಒಂದು ಕಡೆ ನಿಂತಿರಲಿಲ್ಲ.

ಬಲರೇಖೆ

ಹಾಗಾದರೆ ಎಡಕ್ಕೇ ತಿರುಗಿದ್ದು ಸರಿಯಾಗಿದೆ. ಬಾಲದ ಹಲಗೆ ಗಾಳಿಗೆ ಸಿಕ್ಕಿ ಬಲಕ್ಕೆ ಹೋಗುತ್ತೆ, ಮೂತಿ ಗಾಳಿಯ ಕಡೆ. ಟೈಲ್‌ವ್ಹೀಲ್‌ನಲ್ಲಿ ಚಕ್ರಗಳು ಮುಂದೆ ಇರುವುದರಿಂದ ಚಕ್ರಕ್ಕೂ ಬಾಲಕ್ಕೂ ದೂರ ಜಾಸ್ತಿ. ಗಾಳಿಯ ಸನ್ನೆಕೋಲು ಉದ್ದ.

ಬುಷ್_180

ಇನ್ನೊಂದು. ಐಲೆರಾನ್ (ಸ್ಟಿಕ್ ಪಕ್ಕಕ್ಕೆ ಸರಿಸಿದರೆ ಆಡುವ ರೆಕ್ಕೆಯ ಹಿಂದಂಚಿನ ಹಲಗೆ) ಮರೆಯಬೇಡಿ. ಇಳಿದ ಮೇಲೂ ಸ್ಟಿಕ್ ಗಾಳಿಯ ಕಡೆಗೇ ಇರಬೇಕು, ವೇಗ ಕಮ್ಮಿಯಾದಷ್ಟೂ ಜಾಸ್ತಿ, ಕೊನೆಗೆ ಪೂರ್ತಿ. ರೆಕ್ಕೆ ಏಳುವುದಿಲ್ಲ. ಜೊತೆಗೆ ಎದುರು ರೆಕ್ಕೆಯ ಕೆಳಗಿಳಿದ ಐಲೆರಾನ್ ಗಾಳಿಗೆ ತಡೆ ಕೊಟ್ಟು ಮೂತಿಯನ್ನು ಗಾಳಿಯಿಂದ ದೂರ ಎಳೆಯುತ್ತೆ. ನಮಗೆ ಬೇಕಾದ್ದೂ ಅದೇ. ಪುಕ್ಕಟೆ ಸಹಾಯ, ಎಷ್ಟೋ ಜನ ಬಿಟ್ಟುಬಿಡುತ್ತಾರೆ.

ಗಾಳಿಪಟ_ಡಲ್ಲಾಸ್

ಕೊನೇ ಪ್ರಶ್ನೆ. ಕಾಲು ಹೇಗೆ ಆಡಿಸಬೇಕು? ಕೆಲವರು ಸದಾ ಕುಣಿಸುತ್ತಿರು ಅನ್ನುತ್ತಾರೆ.

ಹಳೇ_ಪುಷ್ಪಕ್

ಸುಮ್ನೆ ಕುಣಿಸುವುದರಲ್ಲಿ ಅರ್ಥ ಇಲ್ಲ. ಮೂತಿ ಎಲ್ಲಿದೆ ಅನ್ನುವುದಕ್ಕಿಂತ ಮೂತಿ ಚಲಿಸುತ್ತಿದೆಯಾ ಅನ್ನುವುದನ್ನು ನೋಡಿ. ಚಲನೆ ಶುರುವಾದ ಕೂಡಲೇ ಒತ್ತಿ, ನಿಂತ ಕೂಡಲೇ ಬಿಡಿ. ಮೂತಿ ವಾಪಸ್ ನೇರಕ್ಕೆ ಬರುವವರೆಗೂ ಒತ್ತಿಕೊಂಡೇ ಇದ್ದರೆ ಅದು ಇನ್ನೊಂದು ಕಡೆಗೆ ಹಾರುತ್ತೆ. ಮತ್ತೆ ಅತ್ತ ಒತ್ತುತ್ತೀರಿ. ಎಡ, ಬಲ, ಎಡ, ಪ್ರತಿ ಸಲ ಇನ್ನಷ್ಟು ದೊಡ್ಡದು. ಮೂರನೇ ಸಲಕ್ಕೆ ಹೊರಗೆ.

ಇದಕ್ಕೆ ಕಣ್ಣು ಮುಖ್ಯ. ರನ್‌ವೇಯ ತುದಿಯನ್ನು ನೋಡಬೇಕು, ಮುಂದೆ ಕಾಣದಿದ್ದರೆ ಎರಡೂ ಅಂಚುಗಳು ಕಣ್ಣಂಚಿನಲ್ಲಿ ಸಮ ಇರಬೇಕು. ಮೂತಿಯ ಹತ್ತಿರದ ನೆಲ ನೋಡಿದರೆ ತಿರುಗುವುದು ತಡವಾಗಿ ಗೊತ್ತಾಗುತ್ತೆ. ಕಬ್‌ನಲ್ಲಿ ಒಬ್ಬರೇ ಹಾರುವಾಗ ಹಿಂದಿನ ಸೀಟಿನಲ್ಲಿ ಕೂರಬೇಕು, ಮುಂದೆ ಎಂಜಿನ್ ಬಿಟ್ಟು ಏನೂ ಕಾಣಲ್ಲ. ಆದರೂ ಲಕ್ಷಾಂತರ ಸಲ ಇಳಿಸಿದ್ದಾರಲ್ಲ.

ಮೊದಲ ಪಾಠಗಳಲ್ಲಿ ಇನ್‌ಸ್ಟ್ರಕ್ಟರ್ ಬರೀ ನೆಲದ ಮೇಲೆ ಓಡಿಸುತ್ತಿದ್ದರೆ ದುಡ್ಡು ದಂಡ ಅಂದುಕೊಳ್ಳಬೇಡಿ. ಮೂತಿ ಸರಿಯುವುದು ಕುಂಡಿಗೆ ಗೊತ್ತಾಗಬೇಕು. ಅದು ಅಲ್ಲೇ ಬರುವುದು.

ಪೆಟ್ರೋಲ್_ವಾಸನೆ

ಮತ್ತೆ, ಹಾರುವ ಮುಂಚೆ ಬಾಲದ ಹತ್ತಿರ ಬಗ್ಗಿ ನೋಡಿ. ಎರಡೂ ಸ್ಪ್ರಿಂಗ್ ಕೈಯಲ್ಲಿ ಎಳೆದು ನೋಡಿ, ಒಂದೇ ಬಿಗಿ ಇದೆಯಾ ಅಂತ. ಬಾಲ ಎತ್ತಿ ಹಿಡಿದು ಚಕ್ರವನ್ನು ನಿಧಾನಕ್ಕೆ ತಿರುಗಿಸಿ, ಎಡಕ್ಕೂ ಬಲಕ್ಕೂ ಒಂದೇ ಕೋನದಲ್ಲಿ ಲಾಕ್ ಬಿಡಬೇಕು. ಒಂದು ಕಡೆ ಬೇಗ ಬಿಟ್ಟರೆ ಹ್ಯಾಂಗರ್‌ನಲ್ಲಿ ಹೇಳಿ, ಅವತ್ತು ಆ ವಿಮಾನ ತಗೊಂಡು ಹೋಗಬೇಡಿ. ಬಿಚ್ಚಿ ನೋಡಿ ಗ್ರೀಸ್ ಹಾಕಲು ಅರ್ಧ ಗಂಟೆ ಸಾಕು.